ಸಂಘವೋ, ಸೊಸೈಟಿಯೋ, ಕಂಪನಿಯೋ? ‘ಸಾಕು’ ಅನ್ನೋರು ಯಾರು ಅಂತ ನೋಡಿ ಆರಿಸಿ

ಯುಗಾದಿಯ ಹಿಂದಿನ ವಾರ ನಮ್ಮ ಕೇರಿಯ ನಾಲ್ಕೈದು ಹುಡುಗಿಯರು ಮನೆಗೆ ಬಂದಿದ್ದರು. ಕೈಯಲ್ಲಿ ಒಂದು ನೋಟ್‌ಬುಕ್ಕು. “ಅಕ್ಕಾ, ಈ ವರ್ಷ ಹಲಸು, ಮುರುಗಲು, ಉಪ್ಪಾಗೆ ಮೂರನ್ನೂ ನಾವೇ ಮಾಡಿ ಮಾರಬೇಕು ಅಂತಿದ್ದೇವೆ. ಯಾವುದರಲ್ಲಿ ರಿಜಿಸ್ಟರ್ ಮಾಡಿಸೋದು ಒಳ್ಳೇದು?” ಅಂತ ಕೇಳಿದರು. ಒಬ್ಬಳಿಗೆ ಕಂಪನಿ ಮಾಡುವ ಆಸೆ. ಇನ್ನೊಬ್ಬಳಿಗೆ ಸೊಸೈಟಿ. ಮೂರನೆಯವಳು, “ಯಾವುದೂ ಬೇಡ, ವ್ಯಾಪಾರಿಗೇ ಕೊಟ್ಟು ದುಡ್ಡು ತಗೊಂಡು ಸುಮ್ನಿರೋಣ” ಅಂದಳು.

ಚಹಾ ಕೊಟ್ಟು, ಬಾಯಿಗೆ ಬಂದದ್ದು ಹೇಳಿ ಕಳಿಸಿದೆ. ರಾತ್ರಿ ಮಲಗಿದಾಗ ಅನ್ನಿಸಿತು, ಹೇಳಿದ್ದರಲ್ಲಿ ಅರ್ಧ ತಪ್ಪು. ಅದಕ್ಕೇ ಇದನ್ನು ಕೂತು ಬರೆದಿದ್ದೇನೆ. ಅವರಿಗೂ ಆಯಿತು, ಇದೇ ಪ್ರಶ್ನೆ ಇಟ್ಟುಕೊಂಡು ಓಡಾಡುತ್ತಿರುವ ಬೇರೆಯವರಿಗೂ ಆಯಿತು.

ನನ್ನ ತವರು ಕುಮಟೆಯ ಹೊಳೆ ಬದಿ. ಮದುವೆಯಾಗಿ ಘಟ್ಟ ಹತ್ತಿ ಶಿರಸಿ ಕಡೆಗೆ ಬಂದವಳು. ಹಾಗಾಗಿ ತೋಟದ ಲೆಕ್ಕ ಗೊತ್ತು. ಮೀನು ಬುಟ್ಟಿಯ ಲೆಕ್ಕವೂ ಸ್ವಲ್ಪ ಗೊತ್ತು. ಒಂದು ಗುಂಪು ಕಟ್ಟಿ ಮುಳುಗಿಸಿದ ಅನುಭವವೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಆರಿಸುವ ಮೊದಲು ಕೇಳಬೇಕಾದ್ದು

ಇಂಥ ಹೋಲಿಕೆ ಮಾಡುವಾಗ ಎಲ್ಲರೂ ಮೊದಲು ಕೇಳುವುದು, “ಯಾವುದರಲ್ಲಿ ಸಬ್ಸಿಡಿ ಜಾಸ್ತಿ?” ನಾನು ಅದನ್ನು ಕೊನೆಗೆ ಕೇಳಿ ಅನ್ನುತ್ತೇನೆ. ಸಬ್ಸಿಡಿ ಮೂರು ವರ್ಷಕ್ಕೆ ಮುಗಿಯುತ್ತದೆ. ಕಟ್ಟಿಕೊಂಡ ವ್ಯವಸ್ಥೆ ಹಾಗಲ್ಲ.

ನನ್ನ ಪ್ರಶ್ನೆಗಳು ಬೇರೆ. ಕೆಲಸ ಮಾಡುವವರಿಗೆ ಮತ ಇದೆಯಾ? ದುಡ್ಡು ಯಾವಾಗ ಕೈಗೆ ಬರುತ್ತದೆ, ಅಷ್ಟರವರೆಗೆ ಮನೆ ನಡೆಯುತ್ತದಾ? ಕೊನೆಯದು, ನನಗೆ ಎಲ್ಲಕ್ಕಿಂತ ದೊಡ್ಡದು: ಕಾಡಲ್ಲೋ ಹೊಳೆಯಲ್ಲೋ ಮಾಲು ಕಡಿಮೆಯಾಗುತ್ತಾ ಬಂದಾಗ “ಈ ವರ್ಷ ಇಷ್ಟೇ ಸಾಕು” ಅಂತ ಹೇಳುವ ಅಧಿಕಾರ ಯಾರ ಕೈಲಿದೆ? ಹಾಗೆ ಹೇಳಿದವರ ಒಲೆ ಆರದೆ ಉಳಿಯುತ್ತದಾ?

ಈ ಕೊನೆಯ ಪ್ರಶ್ನೆ ಯಾಕೆ ಅಂದರೆ, ಉಪ್ಪಾಗೆಯ ಕತೆ ನೋಡಿ.

ವ್ಯಾಪಾರಿ, ಗುತ್ತಿಗೆದಾರ: ಬೇಗ ದುಡ್ಡು, ಬೇಗ ಕೊಯ್ಲು

ಉಪ್ಪಾಗೆ ಅಂದರೆ ಕಾಡಿನ ಒಂದು ಹುಳಿ ಹಣ್ಣು, ನಮಗೆ ಹೊಸದಲ್ಲ. ಒಣಗಿಸಿದ ಸಿಪ್ಪೆ ಸಾರಿಗೆ ಹುಳಿ, ಕರಾವಳಿಯಲ್ಲಿ ಮೀನಿನ ಅಡಿಗೆಗೆ ಹುಳಿ. ಬೀಜದಿಂದ ತುಪ್ಪ ತೆಗೆಯುತ್ತಿದ್ದರು. ಮನೆ ಬಳಕೆಗೆ ಎಷ್ಟು ಬೇಕೋ ಅಷ್ಟು ಹೆಕ್ಕಿ ತರುತ್ತಿದ್ದರು. 1990ರ ದಶಕದಲ್ಲಿ ಇದ್ದಕ್ಕಿದ್ದಂತೆ ರೇಟು ಏರಿತು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ತೂಕ ಇಳಿಸುವ ಮಾತ್ರೆಗೆ ಬೇಕು ಅಂತ ಹೊರದೇಶದಿಂದ ಬೇಡಿಕೆ ಬಂತು. ಎಲ್ಲೋ ಯಾರೋ ಸಣ್ಣಗಾಗಬೇಕಿತ್ತು. ಇಲ್ಲಿ ಮರ ಸೊರಗಿತು.

ಹೇಗೆ ಅಂತ ಕೇಳಿ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಹಳದಿಯಾದ ಮೇಲೆ ತಾನಾಗಿ ಉದುರುತ್ತದೆ. ಹೆಕ್ಕಿದರೆ ಆಯಿತು. ಆದರೆ ಕಾಡಿನ ಕಿರು ಉತ್ಪನ್ನದ ಸಂಗ್ರಹವನ್ನು ಟೆಂಡರ್ ಕರೆದು ಗುತ್ತಿಗೆಗೆ ಕೊಡುವುದು ಇಲ್ಲಿ ಹಳೆಯ ಪದ್ಧತಿ. ಗುತ್ತಿಗೆಗೆ ಅವಧಿ ಇದೆ. ಅವಧಿ ಮುಗಿಯುವುದರೊಳಗೆ ಹಾಕಿದ ದುಡ್ಡು ತೆಗೆಯಬೇಕು. ಕೊಯ್ಯುವವರಿಗೂ ಗೊತ್ತು, ಇವತ್ತು ನಾನು ಬಿಟ್ಟರೆ ನಾಳೆ ಇನ್ನೊಬ್ಬ ಕೊಯ್ಯುತ್ತಾನೆ ಅಂತ. ಹಾಗಾಗಿ ಕಾಯಿ ಹಸಿರಿರುವಾಗಲೇ ಕೊಯ್ದರು. ಮರ ಹತ್ತುವ ಕಷ್ಟ ಬೇಡ ಅಂತ ಕೊಂಬೆಯನ್ನೇ ಕಡಿದರು. ಹಸಿರು ಕಾಯಿಯ ಬೀಜ ಮೊಳೆಯುವುದಿಲ್ಲ. ಈ ಹಣ್ಣು ತಿನ್ನುವ ಸಿಂಗಳೀಕಗಳಿಗೂ ಪಾಲು ಉಳಿಯಲಿಲ್ಲ. ಶಿರಸಿಯಿಂದ ಹೊನ್ನಾವರದವರೆಗಿನ ಕಾಡು ಸಿಂಗಳೀಕದ ದೊಡ್ಡ ನೆಲೆ. 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಅವುಗಳಿಗೆಂದೇ ಸಂರಕ್ಷಣಾ ಮೀಸಲು ಘೋಷಣೆಯಾಯಿತು.

ಇನ್ನೊಂದು ಪೆಟ್ಟು ಸೌದೆಯದು. ಜುಲೈ ಮಳೆಯಲ್ಲಿ ಬಿಸಿಲೆಲ್ಲಿ ಬರಬೇಕು? ಸಿಪ್ಪೆಯನ್ನು ಬೆಂಕಿ ಹಾಕಿಯೇ ಒಣಗಿಸಬೇಕು. ಮಾಲು ಹೆಚ್ಚಾದಷ್ಟೂ ಸೌದೆ ಹೆಚ್ಚು. ಹೊನ್ನಾವರ ಕಾಸರಕೋಡಿನ ಸ್ನೇಹಕುಂಜದವರು ಕಡಿಮೆ ಸೌದೆಯ ಒಲೆಗಳನ್ನು ತಂದು ತೋರಿಸಿದ್ದು ಈ ಕಾರಣಕ್ಕೇ.

ಇದರಲ್ಲಿ ವ್ಯಾಪಾರಿ ಕೆಟ್ಟವನು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಮನೆಗೆ ಮಳೆಗಾಲದಲ್ಲಿ ಅಕ್ಕಿಗೆ ಮುಂಗಡ ಕೊಟ್ಟವನು ಅವನೇ. ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಕೈಗೆ ಎರಡು ಸಾವಿರ ಇಟ್ಟವನೂ ಅವನೇ. ಯಾವ ಸೊಸೈಟಿಯೂ ಭಾನುವಾರ ಸಂಜೆ ಮನೆ ಬಾಗಿಲಿಗೆ ಬಂದು ದುಡ್ಡು ಕೊಡುವುದಿಲ್ಲ. ಆದರೆ ಮುಂಗಡ ತಗೊಂಡ ಮೇಲೆ “ಈ ವರ್ಷ ಕೊಯ್ಯುವುದಿಲ್ಲ” ಅನ್ನುವ ಬಾಯಿ ಇರುವುದಿಲ್ಲ. ರೇಟು ಅವನದು, ತಕ್ಕಡಿ ಅವನದು.

ಹಾಗಾದರೆ ವ್ಯಾಪಾರಿ ಯಾವಾಗ ಸರಿ? ಮಾಲು ನಿಮ್ಮ ಸ್ವಂತ ಹಿತ್ತಲಿನದಾಗಿದ್ದರೆ, ಕಡಿಮೆ ಇದ್ದರೆ, ಮುಂಗಡದ ಹಂಗಿಲ್ಲದಿದ್ದರೆ. ಅಷ್ಟಕ್ಕೆ ಧಾರಾಳವಾಗಿ ಕೊಡಿ. ಕಾಡಿನ ಮಾಲಿಗೆ ಬೇಡ.

ಸ್ವಸಹಾಯ ಗುಂಪು

10ರಿಂದ 20 ಜನ. ವಾರಕ್ಕೊಂದು ಸಭೆ, ಉಳಿತಾಯ, ಒಂದು ಬ್ಯಾಂಕ್ ಖಾತೆ, ಒಂದು ನಡಾವಳಿ ಪುಸ್ತಕ. ಗ್ರಾಮೀಣ ಅಭಿವೃದ್ಧಿಯ ಬ್ಯಾಂಕ್ ನಬಾರ್ಡ್ 1992ರಲ್ಲಿ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು. ಈಗ ನಮ್ಮಲ್ಲಿ ಗುಂಪಿಲ್ಲದ ಕೇರಿ ಹುಡುಕಬೇಕು. ಸೇರುವುದಕ್ಕೆ ಜಮೀನು ಬೇಡ, ಗಂಡನ ಸಹಿ ಬೇಡ. ಈ ಒಂದು ವಿಷಯದಲ್ಲಿ ಇದು ಉಳಿದೆಲ್ಲವನ್ನೂ ಮೀರಿಸುತ್ತದೆ.

ನಾನು ಮುಳುಗಿಸಿದ ಗುಂಪೂ ಇದೇ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಹಲಸಿನ ಹಪ್ಪಳ ಮಾಡುತ್ತಿದ್ದೆವು. ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಬೆಂಗಳೂರಿನ ಅಂಗಡಿಯೊಂದರಿಂದ ದೊಡ್ಡ ಆರ್ಡರ್ ಬಂತು. ಎಲ್ಲರಿಗೂ ಖುಷಿ. ಊರಿನ ಹಲಸು ಸಾಲದೆ ಪಕ್ಕದ ಊರಿನಿಂದ ತರಿಸಿದೆವು. ಹಗಲು ರಾತ್ರಿ ಲಟ್ಟಿಸಿದೆವು. ಮಾಲು ಹೋಯಿತು, ದುಡ್ಡು ಬರಲಿಲ್ಲ. ಬಂದಾಗ ಆರು ತಿಂಗಳಾಗಿತ್ತು, ಅದೂ ಒಡೆದ ಹಪ್ಪಳದ ಲೆಕ್ಕ ಕಳೆದು. ಅಷ್ಟರಲ್ಲಿ ಗುಂಪಿನೊಳಗೆ ಮಾತು ಬಿಟ್ಟುಹೋಗಿತ್ತು.

ಅಂಗಡಿಯವರನ್ನು ಬೈದುಕೊಂಡು ತಿರುಗಿದೆ, ಬಹಳ ದಿನ. ನಿಜ ಹೇಳಬೇಕೆಂದರೆ ತಪ್ಪು ನಮ್ಮಲ್ಲೇ ಇತ್ತು. ಲೆಕ್ಕ ಬರೆಯುತ್ತಿದ್ದವಳು ನಾನೊಬ್ಬಳೇ. ಫೋನಿದ್ದದ್ದೂ ನನ್ನ ಹತ್ತಿರ. ಆರ್ಡರ್ ಒಪ್ಪಿಕೊಂಡಾಗ ಸಭೆಗೆ ಇಡಲಿಲ್ಲ. “ಇಷ್ಟು ನಮ್ಮ ಕೈಲಿ ಆಗುತ್ತಾ?” ಅಂತ ಹಿರಿಯಳೊಬ್ಬಳು ಕೇಳಿದ್ದಳು. “ಆಗುತ್ತೆ ಬಿಡು” ಅಂದುಬಿಟ್ಟೆ. ‘ಸಾಕು’ ಅನ್ನುವ ಅಧಿಕಾರ ಗುಂಪಿನಲ್ಲಿ ಎಲ್ಲರಿಗೂ ಇತ್ತು. ಅದನ್ನು ಕಸಿದುಕೊಂಡವಳು ನಾನು.

ಗುಂಪಿನ ಮಿತಿಯೂ ಇದೇ. ಎಲ್ಲವೂ ನಂಬಿಕೆ ಮೇಲೆ. ದೊಡ್ಡ ಸಾಲ, ದೊಡ್ಡ ಗೋದಾಮು, ದೂರದ ಕರಾರು ಇದಕ್ಕೆ ಭಾರ. ಕಾನೂನಿನ ಬಲ ಕಡಿಮೆ. ಆದರೆ ಸಣ್ಣದಾಗಿದ್ದಷ್ಟು ದಿನ ಇದರಷ್ಟು ನೇರವಾದದ್ದು ಬೇರೆ ಇಲ್ಲ. ಮರ ಯಾವುದು, ಕೊಯ್ದವಳು ಯಾರು, ಎಷ್ಟು ಬಿಟ್ಟಳು, ಎಲ್ಲ ಕಣ್ಣೆದುರಿಗೇ ಇರುತ್ತದೆ.

ಸಹಕಾರ ಸಂಘ: ಕಾಯುವ ಶಕ್ತಿ

ಸಹಕಾರದ ವಿಷಯಕ್ಕೆ ಬಂದರೆ ಶಿರಸಿಯವರಿಗೆ ಸ್ವಲ್ಪ ಜಂಬ ಜಾಸ್ತಿ. ಇರಲಿ, ಕಾರಣವೂ ಇದೆ. ದೇಶದ ಮೊದಲ ಸಹಕಾರ ಸಂಘ ಹುಟ್ಟಿದ್ದು ಗದಗ ಸೀಮೆಯ ಕಣಗಿನಹಾಳದಲ್ಲಿ, 1905ರಲ್ಲಿ. ಶಿರಸಿಯ ತೋಟಗಾರರ ಅಡಿಕೆ ಮಾರಾಟ ಸೊಸೈಟಿ ಟಿಎಸ್‌ಎಸ್ 1923ರದು. ಅಡಿಕೆ ಬೆಳೆಗಾರರ ಸಹಕಾರಿ, ಮಂಗಳೂರಿನ ಕ್ಯಾಂಪ್ಕೊ, 1973ರಲ್ಲಿ ಬಂತು, ಅಡಿಕೆ ರೇಟು ನೆಲ ಕಚ್ಚಿದ ಕಾಲದಲ್ಲಿ.

ಕೆಲಸ ಹೇಗೆ ನಡೆಯುತ್ತದೆ ಅಂತ ಹೊರಗಿನವರಿಗಾಗಿ ಹೇಳುತ್ತೇನೆ. ಸದಸ್ಯ ಒಣಗಿಸಿ ಸುಲಿದ ಚಾಲಿ ಅಡಿಕೆಯನ್ನೋ ಬೇಯಿಸಿ ಒಣಗಿಸಿದ ಕೆಂಪಡಿಕೆಯನ್ನೋ ತಂದು ಸೊಸೈಟಿಯಲ್ಲಿ ಇಳಿಸುತ್ತಾನೆ. ರಾಶಿ ಹಾಕುತ್ತಾರೆ. ವ್ಯಾಪಾರಿಗಳು ನೋಡಿ ಟೆಂಡರ್ ಬರೆಯುತ್ತಾರೆ. ಹೆಚ್ಚು ಬರೆದವನಿಗೆ ಮಾಲು. ರೇಟು ಹಿಡಿಸದಿದ್ದರೆ ಕೊಡಬೇಕಿಲ್ಲ. ಗೋದಾಮಿನಲ್ಲಿಟ್ಟು ಅದರ ಮೇಲೆ ಸಾಲ ತಗೊಂಡು ಕಾಯಬಹುದು.

ಇಲ್ಲಿ ಮುಖ್ಯ ಆ ಕಾಯುವ ಶಕ್ತಿ. ಬಡವ ಕಡಿಮೆ ರೇಟಿಗೆ ಮಾರುವುದು ದಡ್ಡತನದಿಂದಲ್ಲ, ಕಾಯಲಾರದೆ. ಕಾಯಲು ಆಗದವನು ಕಾಡಿನ ವಿಷಯದಲ್ಲೂ ಕಾಯಲಾರ. ಹಣ್ಣಾಗಲಿ ಅಂತ ಮರದ ಕೆಳಗೆ ಕೂರುವುದಕ್ಕೂ ಮನೆಯಲ್ಲಿ ಅಕ್ಕಿ ಇರಬೇಕಲ್ವಾ?

ಇನ್ನೊಂದು ಸಂಗತಿ ಇಂದಿನ ಹುಡುಗರಿಗೆ ಗೊತ್ತಿಲ್ಲ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಕಣಿವೆಯ ತೋಟಗಳು ಮುಳುಗುವುದಿತ್ತು. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರ ಬಲ್ಲವರನ್ನೂ ಸೇರಿಸಿ ವಿಚಾರ ಸಂಕಿರಣ ಮಾಡಿದರು. ಅದರ ಹಿಂದೆ ನಿಂತದ್ದು ಅಡಿಕೆ ಮಾರುವ ಇದೇ ತೋಟಗಾರರ ಸೊಸೈಟಿ. ಯೋಜನೆಯ ಲಾಭ ನಷ್ಟದ ಲೆಕ್ಕದಲ್ಲಿ ಕಾಡಿನ ಬೆಲೆ, ತೋಟದ ಬೆಲೆ ಎಷ್ಟು ಹಿಡಿದಿದ್ದೀರಿ ಅಂತ ಕೇಳಿದರು. ಯೋಜನೆ ಆಗ ನಿಂತಿತು. ಒಬ್ಬೊಬ್ಬ ಬೆಳೆಗಾರ ಹೋಗಿ ಕೇಳಿದ್ದರೆ ಬಾಗಿಲಲ್ಲೇ ಕಳಿಸುತ್ತಿದ್ದರು. ತನ್ನದೇ ದುಡ್ಡು, ತನ್ನದೇ ಕಟ್ಟಡ ಇರುವ ಸಂಸ್ಥೆಗೆ ಅಷ್ಟು ಧ್ವನಿ ಬಂತು.

ಈಗ ಹುಳುಕಿನ ಕಡೆ. ಒಬ್ಬರಿಗೆ ಒಂದೇ ಮತ, ಶೇರು ಎಷ್ಟೇ ಇರಲಿ. ಕೇಳಲು ಚೆಂದ. ಆದರೆ ಸದಸ್ಯರು ಯಾರು? ತೋಟದ ಪಹಣಿ ಯಾರ ಹೆಸರಲ್ಲಿದೆಯೋ ಅವರು. ಮರ ಹತ್ತುವ ಕೊನೆಗೌಡನಿಗೆ ಶೇರಿಲ್ಲ. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸರಿಗಿಲ್ಲ. ನನಗೇ ಶೇರು ಬಂದದ್ದು ಮದುವೆಯಾಗಿ ಹದಿನೆಂಟು ವರ್ಷದ ಮೇಲೆ. ಸದಸ್ಯರೊಳಗೆ ನ್ಯಾಯ ಇದೆ, ಸದಸ್ಯತ್ವದ ಬಾಗಿಲಲ್ಲಿ ಇಲ್ಲ.

ಹಾಗೇ ಕಾಡಿನ ಲೆಕ್ಕವೂ. ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದಿದೆ. ಸೊಪ್ಪು, ದರಕು (ಒಣ ಎಲೆ) ಅಲ್ಲಿಂದಲೇ. ತೋಟ ಇಲ್ಲದವನಿಗೆ ಬೆಟ್ಟವೂ ಇಲ್ಲ. ಗದ್ದೆಗಳೆಲ್ಲ ತೋಟವಾಗುತ್ತಿರುವ ಈ ಹೊತ್ತಿನಲ್ಲಿ ಬೆಟ್ಟದ ಮೇಲಿನ ಭಾರ ಎಷ್ಟಾಗಿದೆ ಅಂತ ಯಾವ ಮಹಾಸಭೆಯಲ್ಲೂ ವಿಷಯ ಪಟ್ಟಿಗೆ ಬಂದದ್ದು ನಾನು ನೋಡಿಲ್ಲ. ಅಡಿಕೆಯ ಬಗ್ಗೆ ಇನ್ನೂ ಒಂದು ಮಾತು ನಮ್ಮವರಿಗೆ ಹಿಡಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ನಮ್ಮ ಊಟ ಅದರಿಂದಲೇ. ಎರಡೂ ನಿಜ. ಒಂದೇ ಬೆಳೆಗೆ ಜೋತುಬಿದ್ದಿರುವುದು ಒಳ್ಳೆಯದಲ್ಲ ಅನ್ನಲು ನನಗೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಸಂಘ ಕಟ್ಟಲು ಕನಿಷ್ಠ 10 ಜನ ಬೇಕು. 1959ರ ರಾಜ್ಯ ಸಹಕಾರ ಕಾಯ್ದೆಯಡಿ ಮಾಡಿದರೆ ಇಲಾಖೆಯ ಕಣ್ಣು, ಕೈ ಎರಡೂ ಇರುತ್ತವೆ. 1997ರ ಸೌಹಾರ್ದ ಕಾಯ್ದೆಯಡಿ ಮಾಡಿದರೆ ಸರ್ಕಾರದ ಕೈ ಕಡಿಮೆ, ಜವಾಬ್ದಾರಿ ನಿಮ್ಮದೇ ಜಾಸ್ತಿ. ಶಿರಸಿಯ ಕದಂಬ ಮಾರ್ಕೆಟಿಂಗ್ ಸೌಹಾರ್ದ ಈ ಎರಡನೆಯ ಬಗೆ. ಎರಡರಲ್ಲೂ ವರ್ಷಕ್ಕೊಮ್ಮೆ ಆಡಿಟ್, ವರ್ಷಕ್ಕೊಮ್ಮೆ ಮಹಾಸಭೆ. ಸೆಪ್ಟೆಂಬರ್ ಬಂತೆಂದರೆ ನಮ್ಮಲ್ಲಿ ಮಹಾಸಭೆಗಳ ಸಾಲು. ಊಟ ಮಾಡಿ ಬರುವವರೇ ಹೆಚ್ಚು. ವರದಿ ಪುಸ್ತಕ ತಿರುವಿ ಒಂದು ಪ್ರಶ್ನೆ ಕೇಳಿ ನೋಡಿ, ಹಿಂದಿನ ಸಾಲಿನವರು ತಿರುಗಿ ನೋಡುತ್ತಾರೆ.

ಉತ್ಪಾದಕ ಕಂಪನಿ

ಕಂಪನಿ ಅಂದಾಗ ಆ ಹುಡುಗಿಯ ಕಣ್ಣು ಹೊಳೆದಿತ್ತು. ತಪ್ಪಲ್ಲ. ರೈತ ಉತ್ಪಾದಕ ಕಂಪನಿ ಅಂದರೆ ಹೆಸರಿಗೆ ಕಂಪನಿ, ಒಳಗೆ ಸಹಕಾರ. ಇಲ್ಲೂ ಒಬ್ಬರಿಗೆ ಒಂದೇ ಮತ. ಶೇರನ್ನು ಹೊರಗಿನ ಸಾಹುಕಾರ ಕೊಳ್ಳುವಂತಿಲ್ಲ. ಹತ್ತು ಜನ ಬೆಳೆಗಾರರಿದ್ದರೆ ನೋಂದಣಿ ಆಗುತ್ತದೆ, ನಿರ್ದೇಶಕರು ಐದು ಜನವಾದರೂ ಬೇಕು. ವರ್ಷದ ಕೊನೆಗೆ ಉಳಿದ ಲಾಭವನ್ನು ಯಾರು ಎಷ್ಟು ಮಾಲು ಕೊಟ್ಟರೋ ಆ ಲೆಕ್ಕದಲ್ಲಿ ಹಂಚಬಹುದು. ನನಗೆ ಇದು ಹಿಡಿಸುತ್ತದೆ.

2020ರಲ್ಲಿ ಕೇಂದ್ರ ಸರ್ಕಾರ 10,000 ಉತ್ಪಾದಕ ಸಂಸ್ಥೆಗಳ ಯೋಜನೆ ತಂದಿತು. ಬಯಲು ಸೀಮೆಯಲ್ಲಿ 300 ಸದಸ್ಯರು, ಗುಡ್ಡಗಾಡಿನಲ್ಲಿ 100 ಅನ್ನುವುದು ಅದರ ಲೆಕ್ಕವಾಗಿತ್ತು. ಅದರ ನೆರವು ಬೇಕೆಂದರೆ ಅಷ್ಟು ಜನ ಸೇರಬೇಕಿತ್ತು. ಒಂದು ಕೇರಿಯಿಂದ ಆಗುವ ಮಾತಲ್ಲ.

ಖರ್ಚಿನ ಕಡೆ ಗಟ್ಟಿ ಮನಸ್ಸು ಬೇಕು. ಸಂಬಳದ ಸಿಇಒ ಬೇಕು, ಚಾರ್ಟರ್ಡ್ ಅಕೌಂಟೆಂಟ್ ಬೇಕು. ವರ್ಷದ ಲೆಕ್ಕಪತ್ರ ಮತ್ತು ವಾರ್ಷಿಕ ರಿಟರ್ನ್ ತಡವಾದರೆ ಒಂದೊಂದು ಫಾರಂಗೆ ದಿನಕ್ಕೆ 100 ರೂಪಾಯಿ ಲೆಕ್ಕದಲ್ಲಿ ದಂಡ ಓಡುತ್ತದೆ. ಮೂರು ತಿಂಗಳು ಮೈಮರೆತರೆ ಎಷ್ಟಾಯಿತು ಅಂತ ಲೆಕ್ಕ ಹಾಕಿ. ಹಪ್ಪಳ ಮಾರಿ ಬಂದದ್ದೆಲ್ಲ ಅದಕ್ಕೇ ಹೋದೀತು. ವ್ಯವಹಾರ ಚಿಕ್ಕದಾಗಿದ್ದರೆ ಕಾಗದದ ಭಾರಕ್ಕೇ ಸೊಂಟ ಮುರಿಯುತ್ತದೆ. ಆ ಭಾರ ಹೊರಲು ಹೆಚ್ಚು ಹೆಚ್ಚು ಮಾಲು ಮಾರಬೇಕಾಗುತ್ತದೆ. ‘ಸಾಕು’ ಅನ್ನುವುದು ಆಗ ಕಷ್ಟ.

ಆದರೂ ಕಂಪನಿಗೆ ಒಗ್ಗುವ ಕೆಲಸಗಳಿವೆ. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಿಕೆ, ಊರಿನ ಹೆಸರಿನ ರಕ್ಷಣೆ) ಮಾನ್ಯತೆ ಸಿಕ್ಕಿತಲ್ಲ, ಅದಕ್ಕೆ ಅರ್ಜಿ ಹಾಕಿದ್ದು ಅಲ್ಲಿನ ಬೆಳೆಗಾರರ ಉತ್ಪಾದಕ ಕಂಪನಿ. ಶಿರಸಿ ಅಡಿಕೆಗೆ 2019ರಲ್ಲಿ ಸಿಕ್ಕಿದ್ದು ಸೊಸೈಟಿಯ ಮೂಲಕ. ಎರಡೂ ದಾರಿ ಒಂದೇ ಕಡೆ ತಲುಪಿದವು. ಊರಿನ ಹೆಸರು ಊರಿನವರ ಕೈಲಿ ಉಳಿಯಿತು. ಹೆಸರಿಗೆ ಬೆಲೆ ಬಂದರೆ ಕಡಿಮೆ ಮಾಲಿಗೂ ಹೆಚ್ಚು ದುಡ್ಡು ಬರಬಹುದು. ಪರಿಸರದ ಲೆಕ್ಕದಲ್ಲಿ ಇದು ಸಣ್ಣ ವಿಷಯ ಅಲ್ಲ.

ಘಟ್ಟದ ಕೆಳಗಿನ ಲೆಕ್ಕ

ತವರಿನ ಕಡೆ ಮಾತಾಡದೆ ಮುಗಿಸಿದರೆ ಅಣ್ಣ ಬೈಯುತ್ತಾನೆ. ಅವನ ಪ್ರಕಾರ ಮೇಲಿನವರಿಗೆ ಬರೀ ಅಡಿಕೆಯದೇ ಧ್ಯಾನ.

ಕಾರವಾರದಿಂದ ಭಟ್ಕಳದವರೆಗೆ ದಡದಲ್ಲಿ ರಂಪಣಿ ಇತ್ತು. ಹತ್ತಾರು ಜನ ಸೇರಿ ಎಳೆಯುವ ಉದ್ದದ ಬಲೆ. ಅದಕ್ಕೆ ರಿಜಿಸ್ಟರ್ ಇರಲಿಲ್ಲ, ಪಾಲಿನ ಲೆಕ್ಕ ಇತ್ತು. ದೋಣಿಗೆ ಇಷ್ಟು, ಬಲೆಗೆ ಇಷ್ಟು, ಹಗ್ಗ ಹಿಡಿದವನಿಗೆ ಇಷ್ಟು. ಮೀನು ದಡಕ್ಕೆ ಬಂದರೆ ಉಂಟು, ಬರದಿದ್ದರೆ ಎಲ್ಲರಿಗೂ ಇಲ್ಲ. ಬಲೆ ಮೀನನ್ನು ಅಟ್ಟಿಸಿಕೊಂಡು ಹೋಗುವಂತಿರಲಿಲ್ಲ. ಮಿತಿ ಬಲೆಯೊಳಗೇ ಇತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ಬಂಗಡೆ, ತಾರ್ಲೆ ದಡ ಮುಟ್ಟುವ ಮೊದಲೇ ಸುತ್ತುಹಾಕಿ ಹಿಡಿದವು. ರಂಪಣಿ ಕೊಟ್ಟಿಗೆ ಸೇರಿತು.

ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಮೀನು ಮೊಟ್ಟೆ ಇಡುವ ಕಾಲ ಅಂತ. ಇದೂ ಒಂದು ‘ಸಾಕು’, ಸರ್ಕಾರ ಹೇಳುವ ಸಾಕು. ಆದರೆ ಬೋಟಿನ ಸಾಲದ ಕಂತಿಗೆ ರಜೆ ಇದೆಯಾ? ಬಡ್ಡಿ ಮಳೆಗಾಲದಲ್ಲೂ ಬೆಳೆಯುತ್ತದೆ. ಆಗಸ್ಟ್ 1ಕ್ಕೆ ಬೋಟು ಬಿಟ್ಟಾಗ ಕಂತು ತೀರಿಸಲು ಸಣ್ಣ ಮೀನನ್ನೂ ಬಿಡದೆ ಬಳಿಯುತ್ತಾರೆ. ಆ ಸಣ್ಣ ಮೀನು ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ತಲೆ ಮೇಲೆ ಬುಟ್ಟಿ ಹೊತ್ತು ಮಾರುವವಳಿಗೆ ಮಾರಲು ಏನೂ ಸಿಗುವುದಿಲ್ಲ. ಹಾಗಾಗಿ ಬೋಟು ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಎಚ್‌ಪಿ ಎಷ್ಟು ಅಂತ ನೋಡುವ ಮೊದಲು, ಎರಡು ತಿಂಗಳು ಕಂತು ನಿಲ್ಲಿಸಲು ಒಪ್ಪುವ ಸಾಲ ಎಲ್ಲಿ ಸಿಗುತ್ತದೆ ಅಂತ ನೋಡಿ. ಮೀನುಗಾರರ ಸಹಕಾರ ಸಂಘದಲ್ಲಿ ಅದನ್ನು ಸಭೆಗೆ ಇಡಬಹುದು. ಖಾಸಗಿ ಫೈನಾನ್ಸಿನಲ್ಲಿ ಇಡಲು ಸಭೆಯೇ ಇಲ್ಲ.

ಗಜನಿಯದೂ ಹತ್ತಿರ ಹತ್ತಿರ ಇದೇ. ಗಜನಿ ಅಂದರೆ ಅಘನಾಶಿನಿ ಹಿನ್ನೀರಿನ ಉಪ್ಪು ಗದ್ದೆ. ಅಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದರು. ಉಪ್ಪನ್ನೂ ನೆರೆಯನ್ನೂ ತಡೆಯುವ ಭತ್ತ, ಗೊಬ್ಬರ ಕೇಳದು. ಭತ್ತ ಕೊಯ್ದ ಮೇಲೆ ಅಲ್ಲೇ ಸಿಗಡಿ, ಮೀನು. ಒಡ್ಡು ಕಟ್ಟಲು ಊರೆಲ್ಲ ಸೇರಬೇಕಿತ್ತು. ಆಮೇಲೆ ಸಿಗಡಿ ಕೃಷಿಯವರು ಬಂದು ಗಜನಿಯನ್ನು ಗುತ್ತಿಗೆಗೆ ಕೇಳಿದರು. ವರ್ಷಕ್ಕೊಮ್ಮೆ ಕೂತಲ್ಲೇ ದುಡ್ಡು. ಬಹಳ ಜನ ಕೊಟ್ಟರು. 1990ರ ದಶಕದಲ್ಲಿ ಸಿಗಡಿಗೆ ಬಿಳಿ ಚುಕ್ಕೆ ರೋಗ ಬಂತು. ಗುತ್ತಿಗೆಯವರು ಎದ್ದು ಹೋದರು. ಒಡ್ಡು ರಿಪೇರಿ ಮಾಡುವ ಅಭ್ಯಾಸವೂ ಊರಿಗೆ ತಪ್ಪಿಹೋಗಿತ್ತು, ಬಿತ್ತನೆ ಕಗ್ಗವೂ ಕಡಿಮೆಯಾಗಿತ್ತು. ಮಾಣಿಕಟ್ಟಾದ ರೈತರು ಒಟ್ಟಾಗಿ ಬೀಜ ಉಳಿಸಿಕೊಂಡರು. ಅವರಿಗೆ ನಮಸ್ಕಾರ. ಗುತ್ತಿಗೆಯೋ ಸ್ವಂತವೋ ಅಂತ ಲೆಕ್ಕ ಹಾಕುವಾಗ ಗುತ್ತಿಗೆ ಮುಗಿದ ಮರುದಿನದ ಗದ್ದೆಯನ್ನೂ ಲೆಕ್ಕಕ್ಕೆ ಸೇರಿಸಿ.

ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಒಳ್ಳೆಯದಾಯಿತು. ಆದರೆ ನೀರಿಳಿತದಲ್ಲಿ ಸೊಂಟದವರೆಗಿನ ಕೆಸರಿನಲ್ಲಿ ನಿಂತು ಬಳಚು (ಚಿಪ್ಪುಮೀನು) ತೆಗೆಯುವ ಹೆಂಗಸರಿಗೆ ಇವತ್ತಿಗೂ ಕೊಳ್ಳುವವನು ಹೇಳಿದ್ದೇ ರೇಟು.

ಕಾಡಿಗೊಂದು ಬೇರೆ ಕಮಿಟಿ

ಹಳಕಾರದ ಹೆಸರು ಹೇಳಲೇಬೇಕು, ಕುಮಟೆಯ ಪಕ್ಕದ್ದು. ಬಾಂಬೆ ಪ್ರಾಂತ್ಯದ ಕಾಲದಲ್ಲಿ ಶುರುವಾದ ಗ್ರಾಮ ಅರಣ್ಯ ಪಂಚಾಯತಿ ಅಲ್ಲಿ ಇನ್ನೂ ಇದೆ. ಊರವರೇ ಕಮಿಟಿ ಆರಿಸುತ್ತಾರೆ, ಕಾವಲಿಗೆ ಜನ ಇಡುತ್ತಾರೆ, ಸೌದೆಗೆ ಸೊಪ್ಪಿಗೆ ನಿಯಮ ಹಾಕುತ್ತಾರೆ. ರದ್ದಾಗುವ ಹೊತ್ತಿನಲ್ಲಿ ಕೋರ್ಟಿಗೆ ಹೋಗಿ ಉಳಿಸಿಕೊಂಡರು. ಇದು ಮಾರುವ ಸಂಸ್ಥೆ ಅಲ್ಲ, ಬಿಡುವ ಸಂಸ್ಥೆ. ಮಾರುವವರೂ ಮಿತಿ ಹಾಕುವವರೂ ಒಂದೇ ಕಮಿಟಿಯಲ್ಲಿದ್ದರೆ ಮಾರುವವರೇ ಗೆಲ್ಲುತ್ತಾರೆ. ನನ್ನ ಹಪ್ಪಳದ ಗುಂಪಿನಲ್ಲಿ ಆದದ್ದೂ ಅದೇ. ಹಾಗಾಗಿ ಯಾವ ರೂಪ ಆರಿಸಿದರೂ ಇದೊಂದನ್ನು ಬೇರೆಯಾಗಿ ಇಡಿ. ಮಾರಾಟದ ಲೆಕ್ಕ ನೋಡುವವರು ಒಬ್ಬರು, ಮರ ನೋಡಿ ಬರುವವರು ಇನ್ನೊಬ್ಬರು.

ಹಾಗಾದರೆ ಯಾವುದು?

ನನ್ನನ್ನು ಕೇಳಿದರೆ, ಹದಿನೈದು ಇಪ್ಪತ್ತು ಜನ, ಊರಿನ ಮಾಲು, ಮೊದಲ ಎರಡು ವರ್ಷ: ಸ್ವಸಹಾಯ ಗುಂಪೇ ಸಾಕು. ಮಾರಲು ಈಗಾಗಲೇ ಇರುವ ಸೊಸೈಟಿಯನ್ನೋ ಸೌಹಾರ್ದವನ್ನೋ ಹಿಡಿಯಿರಿ, ಗೋದಾಮು ಅವರದು ಇದೆ. ಒಣಗಿಸುವ ಘಟಕ, ಸಾಲ, ಕಟ್ಟಡ ಅಂತ ಬಂದಾಗ ನಿಮ್ಮದೇ ಸಹಕಾರಿ ಮಾಡಿ, ಕೂಲಿಯವರಿಗೂ ಶೇರು ಕೊಡಿ. ನೂರಾರು ಬೆಳೆಗಾರರು ಒಂದೇ ಮಾಲಿಗೆ ಸೇರಿದ್ದರೆ, ಕಾಗದ ಪತ್ರ ನೋಡುವ ಗಟ್ಟಿಗರಿದ್ದರೆ ಮಾತ್ರ ಕಂಪನಿ. ಆಹಾರ ಪದಾರ್ಥಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾತ್ರ ಯಾವ ರೂಪಕ್ಕೂ ತಪ್ಪುವುದಿಲ್ಲ. ಕಾಡಿನಿಂದ ತರುವುದಕ್ಕೆ ಅರಣ್ಯ ಇಲಾಖೆಯ ಹತ್ತಿರ ಮೊದಲೇ ಮಾತಾಡಿ, ಆಮೇಲೆ ಚೆಕ್‌ಪೋಸ್ಟಿನಲ್ಲಿ ಮಾತಾಡುವುದು ಬೇಡ.

ಹುಡುಗಿಯರು ಹೋದ ವಾರ ಮತ್ತೆ ಬಂದಿದ್ದರು. ಗುಂಪು ಅಂತ ತೀರ್ಮಾನ ಆಗಿದೆ. ಲೆಕ್ಕ ಬರೆಯಲು ಇಬ್ಬರು, ಅದೂ ಆರು ತಿಂಗಳಿಗೊಮ್ಮೆ ಬದಲು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಯಮ ಬರೆದಿದ್ದಾರೆ. ಹಳದಿಯಾಗದ ಉಪ್ಪಾಗೆ ಕೊಯ್ಯುವಂತಿಲ್ಲ. ಮರಕ್ಕೆ ಕತ್ತಿ ಹಾಕುವಂತಿಲ್ಲ. ಬರೆದವಳು ಅವತ್ತು ವ್ಯಾಪಾರಿಗೇ ಕೊಡೋಣ ಅಂದವಳು. ಮರದಲ್ಲಿ ಮೂರರಲ್ಲೊಂದು ಪಾಲು ಬಿಡುವುದೋ ನಾಲ್ಕರಲ್ಲೊಂದೋ ಅನ್ನುವುದು ಮಾತ್ರ ಇತ್ಯರ್ಥವಾಗಿಲ್ಲ. ನಮ್ಮ ಅಂಗಳದಲ್ಲೇ ಜಗಳ ಶುರುವಾಯಿತು. ಬುಧವಾರದ ಸಭೆಗೆ ಇಟ್ಟುಕೊಳ್ಳೋಣ ಅಂತ ಎದ್ದು ಹೋದರು. ಹೋಗುವಾಗ ನನ್ನ ಹಳೆಯ ಹಪ್ಪಳದ ಮಣೆ ಕೇಳಿ ತಗೊಂಡು ಹೋದರು.